ವಿಮಾನದ ಕಂಕುಳಿಗೆ ಬಟ್ಟೆ ಹೊದಿಸುವುದು ಹೇಗೆ

ನಾನು ಬ್ಲೌಸ್ ಹೊಲಿಯುವವಳು. ಪುಣೆಯ ಹಡಪಸರದಲ್ಲಿ ಒಂದು ಚಿಕ್ಕ ಅಂಗಡಿ, ಎರಡು ಮಷಿನ್. ತವರು ವಿಜಯಪುರದ ಕಡೆ. ಹಡಪಸರದಲ್ಲಿ ಗ್ಲೈಡರ್ ಹಾರಿಸುವ ಮೈದಾನ ಇದೆ. ಮಾಳಿಗೆ ಮೇಲೆ ಬಟ್ಟೆ ಒಣಹಾಕುವಾಗ ಅವು ಸದ್ದಿಲ್ಲದೆ ಸುತ್ತುವುದನ್ನು ನೋಡುತ್ತಿದ್ದೆ. ವಿಮಾನದ ಜೊತೆ ನನ್ನ ಸಂಬಂಧ ಅಷ್ಟೇ ಇತ್ತು.

ನನ್ನ ಮೈದುನ ಫುರಸುಂಗಿ ಕಡೆ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಯಜಮಾನರೊಬ್ಬರು ಹಳೆಯ ಪೈಪರ್ ಕಬ್ ಅನ್ನುವ ಚಿಕ್ಕ ವಿಮಾನ ಒಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸುತ್ತಿದ್ದರು. ಒಂದು ಸಂಜೆ ಮೈದುನ ಅಂಗಡಿಗೆ ಬಂದು, "ವೈನಿ, ಇಮಾನಕ್ಕ ಅರಿವಿ ಹಾಕೋದೈತಿ. ಕಾಕಾ ಛಲೋ ಕೈ ಇರೋ ದರ್ಜಿ ಬೇಕಂತಾರ, ಬರ್ತೀರೇನು?" ಅಂದ. ಚೇಷ್ಟೆ ಮಾಡ್ತಿದ್ದಾನೆ ಅಂದುಕೊಂಡೆ. ಹೋಗಿ ನೋಡಿದರೆ ನಿಜ. ಉಕ್ಕಿನ ಕೊಳವೆಗಳ ಒಂದು ಪಂಜರ, ಅದಕ್ಕೆ ಬಟ್ಟೆ. ಅಷ್ಟೇ ವಿಮಾನ.

ಕಾಕಾ ಅಂದರೆ ಧಾರವಾಡದವರು, ಲೈಸೆನ್ಸ್ ಇರುವ ವಿಮಾನ ಎಂಜಿನಿಯರ್. ವಯಸ್ಸು ಎಪ್ಪತ್ತು ದಾಟಿದೆ. ಬೆಂಗಳೂರಿನ ಎಚ್‌ಎಎಲ್‌ನ ಪುಷ್ಪಕ್ ವಿಮಾನಗಳ ಮೇಲೆ ಕೈ ಪಳಗಿಸಿಕೊಂಡವರು. ಪುಷ್ಪಕ್ ಮೊದಲು ಹಾರಿದ್ದು 1958ರಲ್ಲಿ, ಅದಕ್ಕೂ ಬಟ್ಟೆಯೇ ಮೈ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಟಪಾಲು ಹೊತ್ತು ಕರಾಚಿಯಿಂದ ಮುಂಬಯಿಯ ಜುಹುಗೆ ಹಾರಿಸಿದ ಪಸ್ ಮಾತ್ ಕೂಡ ಬಟ್ಟೆ ಹೊದ್ದದ್ದೇ ಅಂತ ಅವರೇ ಹೇಳಿದ್ದು. ನಮ್ಮ ಕಬ್ ಜೆ-3. 1938ರಿಂದ 1947ರವರೆಗೆ ಅಮೆರಿಕದಲ್ಲಿ ಸುಮಾರು 20,000 ತಯಾರಾದ ಮಾದರಿ. ಎಣ್ಣೆ, ಮಂದಿ ಯಾವುದೂ ಇಲ್ಲದೆ ತೂಕ ಸುಮಾರು 345 ಕಿಲೋ.

ಮೊದಲೇ ಹೇಳಿಬಿಡುತ್ತೇನೆ. ಹಾರುವ ವಿಮಾನದ ಮೇಲೆ ನಾನು ಮಾಡಿದ ಒಂದೊಂದು ಹೊಲಿಗೆಯನ್ನೂ ಕಾಕಾ ನೋಡಿ, ಒಪ್ಪಿ, ವಿಮಾನದ ದಾಖಲೆ ಪುಸ್ತಕದಲ್ಲಿ ಸಹಿ ಮಾಡಿದ್ದಾರೆ. ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪ್ರದರ್ಶನಕ್ಕೆ ನಿಲ್ಲಿಸುವ ವಿಮಾನವಾದರೆ ಬೇರೆ ಮಾತು.

ಇಡೀ ವಿಮಾನದ ಕಥೆ ಹೇಳುವುದಿಲ್ಲ. ರೆಕ್ಕೆ, ಬೆನ್ನು ಎಲ್ಲ ದೊಡ್ಡ ಅಗಲದ ಬಟ್ಟೆ, ಹಾಸಿಗೆಗೆ ಚಾದರ ಹಾಸಿದಂತೆ. ಕಷ್ಟ ಇರುವುದು ಚಕ್ರದ ಕಾಲು ಮೈಗೆ ಸೇರುವ ಜಾಗದಲ್ಲಿ. ಬ್ಲೌಸಿನಲ್ಲಿ ಕಂಕುಳು ಇದ್ದ ಹಾಗೆ. ಬ್ಲೌಸ್ ಹರಿಯುವುದು ಎಲ್ಲಿಂದ ಅಂತ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ ಅಲ್ವಾ? ವಿಮಾನವೂ ಹಾಗೇ. ಚಕ್ರ ಎರಚುವ ಖಡಿ, ಕೆಸರು, ಎಂಜಿನ್ನಿನಿಂದ ಸೋರುವ ಎಣ್ಣೆ, ಇಳಿಯುವಾಗಿನ ಕುಲುಕು, ಎಲ್ಲ ಅಲ್ಲಿಗೇ.

ಮೊದಲು ಕಾಲು ಹೇಗೆ ಕೂತಿದೆ ನೋಡಿ

ಕಬ್‌ನ ಒಂದೊಂದು ಕಾಲೂ ಎರಡು ಕೊಳವೆಗಳ 'ವಿ'. 'ವಿ'ಯ ಚೂಪು ಕೆಳಗೆ, ಅಲ್ಲಿ ಚಕ್ರ. ಮೇಲಿನ ಎರಡು ತುದಿಗಳು ಹೊಟ್ಟೆಯ ಅಂಚಿನ ಉದ್ದ ಕೊಳವೆಗೆ ಬೋಲ್ಟಿನಿಂದ ಸಿಕ್ಕಿಕೊಂಡಿವೆ, ಒಂದು ಮುಂದೆ, ಒಂದು ಹಿಂದೆ. ಈ ಸಂದು ಬಾಗಿಲಿನ ಬಿಜಾಗರಿಯಂತೆ ಆಡುತ್ತದೆ. ಚಕ್ರದ ಕಡೆಯಿಂದ ಇನ್ನೊಂದು ಕಂಬಿ ಒಳಮುಖವಾಗಿ ಹೊಟ್ಟೆಯ ಕೆಳಗಿನ ಚಿಕ್ಕ 'ವಿ'ಗೆ ಹೋಗುತ್ತದೆ. ಅಲ್ಲಿ ದಪ್ಪ ರಬ್ಬರಿನ ಸಿಂಬಿ ಸುತ್ತಿರುತ್ತಾರೆ. ರಬ್ಬರ್ ಎಳೆಗಳ ಕಟ್ಟಿಗೆ ನೂಲಿನ ಹೆಣಿಗೆ ಹಾಕಿದ್ದು, ಶೆಡ್ಡಿನಲ್ಲಿ ಎಲ್ಲರೂ ಬಂಜಿ ಅನ್ನುತ್ತಾರೆ. ವಿಮಾನ ನೆಲ ಮುಟ್ಟಿದಾಗ ರಬ್ಬರ್ ಹಿಗ್ಗುತ್ತದೆ, ಕಾಲು ಅಗಲವಾಗುತ್ತದೆ.

ಇದು ತಿಳಿದರೆ ಅರ್ಧ ಕೆಲಸ ತಿಳಿದ ಹಾಗೆ. ಕಾಲು ಆಡುತ್ತದೆ, ಮೈ ಆಡುವುದಿಲ್ಲ. ಆದ್ದರಿಂದ ಕಾಲಿನ ಬಟ್ಟೆ ಬೇರೆ, ಹೊಟ್ಟೆಯ ಬಟ್ಟೆ ಬೇರೆ. ಎರಡನ್ನೂ ಎಲ್ಲೂ ಸೇರಿಸಬಾರದು. ನನ್ನ ಕೈಗೆ ತೋಳನ್ನು ಮೈಗೆ ಕೂಡಿಸಿಯೇ ಅಭ್ಯಾಸ. ಮೊದಲ ದಿನ ನಾನು "ಈ ತೋಳು ಎಲ್ಲಿ ಕೂಡಿಸೋದು ಕಾಕಾ?" ಅಂತ ಕೇಳಿದೆ. ಅವರು ಕಾಲನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ತೋರಿಸಿದರು, ಮಾತೇ ಆಡಲಿಲ್ಲ.

ಹಳೆಯ ಬಟ್ಟೆ ಎಸೆಯಬೇಡಿ

ಹಳೆಯದನ್ನು ಹರಿದು ತೆಗೆಯಬೇಡಿ. ಬ್ಲೇಡಿನಿಂದ ಹೊಲಿಗೆಯ ಪಕ್ಕದಲ್ಲಿ ಕತ್ತರಿಸಿ ಇಡಿಯಾಗಿ ತೆಗೆಯಿರಿ. ಅದೇ ನಿಮ್ಮ ಅಳತೆಯ ಬ್ಲೌಸ್. ಎಡ, ಬಲ, ಮುಂದೆ, ಹಿಂದೆ ಅಂತ ಅದರ ಮೇಲೇ ಬರೆದು ಗೋಡೆಗೆ ತೂಗುಹಾಕಿ. ಎಲ್ಲಿ ಎಣ್ಣೆ ಕುಡಿದಿದೆ, ಎಲ್ಲಿ ಉಜ್ಜಿ ತೆಳುವಾಗಿದೆ ಎಲ್ಲ ಅದರಲ್ಲೇ ಕಾಣುತ್ತದೆ. ನಮ್ಮದರಲ್ಲಿ ಬಲಗಾಲಿನ ಹಿಂದಿನ ಸಂದಿನ ಸುತ್ತ ಮೂರು ತೇಪೆ ಇದ್ದವು, ಒಂದರ ಮೇಲೊಂದು. ತೇಪೆ ಕೆಳಗೆ ನೋಡಿದರೆ ಬೋಲ್ಟಿನ ತಲೆ ಬಟ್ಟೆಗೆ ತಾಗುತ್ತಿತ್ತು. ಕಾರಣ ಹಾಗೇ ಇಟ್ಟು ತೇಪೆ ಹಾಕುತ್ತಾ ಹೋಗಿದ್ದರು.

ಬಟ್ಟೆ ಹೋದ ಮೇಲೆ ಕೊಳವೆ ನೋಡುವುದು ಎಂಜಿನಿಯರ್ ಕೆಲಸ. ತುಕ್ಕು, ಬೆಸುಗೆಯ ಬಿರುಕು, ಬೋಲ್ಟಿನ ತೂತು ದೊಡ್ಡದಾಗಿದೆಯಾ ಅಂತ. ತುಕ್ಕು ಜಾಸ್ತಿ ಸಿಗುವುದು ಕೆಳಗಿನ ತುದಿಯಲ್ಲೇ, ನೀರು ನಿಲ್ಲುವುದು ಅಲ್ಲೇ ತಾನೇ. ನಿಮಗೆ ಸಂಬಂಧಪಟ್ಟದ್ದು ಒಂದೇ: ಕೊಳವೆಗೆ ಎಪಾಕ್ಸಿ ಪ್ರೈಮರ್ ಬಳಿದಿದ್ದಾರಾ ಕೇಳಿ. ಬಟ್ಟೆ ಅಂಟಿಸುವ ಗಮ್ಮಿನಲ್ಲಿ ಎಂಇಕೆ ಅನ್ನುವ ಕಟುವಾದ ದ್ರಾವಕ ಇರುತ್ತದೆ. ಸಾದಾ ಬಣ್ಣ ಬಳಿದಿದ್ದರೆ ಅದು ಬಣ್ಣವನ್ನೇ ಎಬ್ಬಿಸುತ್ತದೆ. ಆಮೇಲೆ ಗಮ್ಮು ಹಿಡಿದಿರುವುದು ಬಣ್ಣವನ್ನು, ಕೊಳವೆಯನ್ನಲ್ಲ.

ಬ್ರೇಕಿನ ನಳಿಕೆ ಕಾಲಿನ ಒಳಗೇ ಇಳಿಯುತ್ತದೆ. ಅದನ್ನು ಕಟ್ಟಿ, ಎಣ್ಣೆ ತುಂಬಿ, ಒತ್ತಿ ನೋಡಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೆಳಗೆ ಕೆಂಪು ಹನಿ ಬಿದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಬಟ್ಟೆ ಮುಟ್ಟಿ. ನಾವು ಎಡಗಾಲಿಗೆ ಬಟ್ಟೆ ಹಾಕಿ, ಇಸ್ತ್ರಿ ಮುಗಿಸಿ, ಚಹಾ ಕುಡಿಯುತ್ತಾ ಕೂತಾಗ ಮೈದುನ "ನಳಿಗಿ ಕ್ಲಿಪ್ ಒಂದು ಉಳದೈತಲ್ಲ" ಅಂತ ಜೇಬಿನಿಂದ ತೆಗೆದ. ಆ ಕಾಲಿಗೆ ಎರಡು ಸಲ ಬಟ್ಟೆ ಹಾಕಿದ್ದೇನೆ.

ಬಟ್ಟೆ, ದಾರ, ಸೂಜಿ

ಮುಟ್ಟಿ ನೋಡಿದರೆ ಲೈನಿಂಗ್ ಬಟ್ಟೆಯ ಹಾಗೇ ಇದೆ. ಬಿಳಿ ಪಾಲಿಯೆಸ್ಟರ್, ಸಾದಾ ನೇಯ್ಗೆ. ರವಿವಾರ ಪೇಟೆಯಲ್ಲಿ ಇಂಥದ್ದೇ ಕಡಿಮೆ ಬೆಲೆಗೆ ತರಬಹುದಲ್ಲ ಅಂತ ನಾನೂ ಅಂದಿದ್ದೆ. ಆಗಲ್ಲ. ವಿಮಾನದ ಬಟ್ಟೆಯ ಅಂಚಿನಲ್ಲಿ ಮುದ್ರೆ ಇರುತ್ತದೆ, ಒಪ್ಪಿಗೆ ಪಡೆದ ಬಟ್ಟೆ ಅಂತ. ನಾವು ತಂದದ್ದು ಸೆಕೊನೈಟ್. ಗಮ್ಮು, ಬಣ್ಣ ಎಲ್ಲ ಪಾಲಿ-ಫೈಬರ್ ಕಂಪನಿಯ ಪದ್ಧತಿಯದ್ದು. ಒಂದು ಪದ್ಧತಿ ಹಿಡಿದರೆ ಕೊನೆಯವರೆಗೂ ಅದೇ. ಒಬ್ಬರ ಗಮ್ಮು, ಇನ್ನೊಬ್ಬರ ಬಣ್ಣ ಬೆರೆಸುವಂತಿಲ್ಲ. ಪೇಟೆ ಬಟ್ಟೆಯೂ ಪೂರ್ತಿ ದಂಡ ಅಲ್ಲ, ಕೈ ಪಳಗಿಸಿಕೊಳ್ಳಲು ನಾಲ್ಕು ಮೀಟರ್ ತಂದಿಟ್ಟುಕೊಳ್ಳಿ.

ಕಾಕಾ ಕೆಲಸ ಕಲಿತಾಗ ಹತ್ತಿ ಬಟ್ಟೆ ಇತ್ತಂತೆ. ಅದನ್ನು ಸಡಿಲವಾಗಿ ಹಾಕಿ ಡೋಪ್ ಅನ್ನುವ ಬಣ್ಣದಂಥ ದ್ರವ ಬಳಿದರೆ, ಡೋಪ್ ಒಣಗುತ್ತಾ ಬಿಗಿಯುತ್ತಿತ್ತು. ಈಗಿನ ಪಾಲಿಯೆಸ್ಟರ್ ಬಿಗಿಯುವುದು ಇಸ್ತ್ರಿಗೆ. ಇದು ನಮ್ಮಂಥವರಿಗೆ ವರ. ಹುಟ್ಟಿದಾಗಿನಿಂದ ಇಸ್ತ್ರಿ ಹಿಡಿದ ಕೈ.

ಕೈಹೊಲಿಗೆಗೆ ಪಾಲಿಯೆಸ್ಟರ್ ದಾರ ಅದೇ ಪದ್ಧತಿಯವರು ಕೊಡುತ್ತಾರೆ. ನಾನು ದಾರಕ್ಕೆ ತೆಳುವಾಗಿ ಜೇನುಮೇಣ ಸವರುತ್ತೇನೆ. ಪ್ಯಾರಫಿನ್ ಬೆರೆತ ಮೇಣ ಬೇಡ. ಸೂಜಿ ಮಾತ್ರ ಅಂಗಡಿಯದ್ದೇ, ಗಾದಿ ಹೊಲಿಯುವವರು ಬಳಸುವ ಬಾಗಿದ ಸೂಜಿ. ನೇರ ಸೂಜಿಗೆ ಕೊಳವೆಯ ಪಕ್ಕದಲ್ಲಿ ತಿರುಗಲು ಜಾಗವೇ ಇಲ್ಲ.

ಗುರುತಿಗೆ ಸೀಸದ ಪೆನ್ಸಿಲ್. ಬಾಲ್‌ಪೆನ್ ಬೇಡವೇ ಬೇಡ. ಅದರ ಶಾಯಿ ಬಣ್ಣದ ಕೋಟುಗಳನ್ನು ದಾಟಿ ಮೇಲಕ್ಕೆ ಬರುತ್ತದೆ.

ಹೊಟ್ಟೆಯ ಬಟ್ಟೆಗೆ ತೂತು

ಈಗ ಕಂಕುಳು. ಕಾಲು ಸಿಕ್ಕಿಸುವ ಉಕ್ಕಿನ ಕಿವಿಗಳು ಹೊಟ್ಟೆಯ ಅಂಚಿನ ಕೊಳವೆಯಿಂದ ಹೊರಗೆ ಚಾಚಿರುತ್ತವೆ. ಸರಿಯಾಗಿ ಹೊಟ್ಟೆಯ ಬಟ್ಟೆ, ಪಕ್ಕದ ಬಟ್ಟೆ ಸೇರುವ ಮೂಲೆಯಲ್ಲೇ. ಹಾಗಾಗಿ ಒಂದೊಂದು ಕಿವಿಗೂ ಎರಡೂ ಬಟ್ಟೆಯಲ್ಲಿ ಜಾಗ ಬಿಡಬೇಕು. ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮೈಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿಕೊಂಡು ಮಾಡುವ ಕೆಲಸ ಇದು.

ಮೊದಲು ಬೆರಳಿನಿಂದ ಎಲ್ಲ ಕಡೆ ಸವರಿ. ಬೆಸುಗೆಯ ಗಂಟು, ಬೋಲ್ಟಿನ ತಲೆ, ಚೂಪು ಮೂಲೆ, ಬೆರಳಿಗೆ ಚುಚ್ಚಿದ್ದೆಲ್ಲ ಬಟ್ಟೆಗೂ ಚುಚ್ಚುತ್ತದೆ. ಅದರ ಮೇಲೆ ಬಟ್ಟೆ ಉಜ್ಜದಂತೆ ಹಾಕುವ ಪಟ್ಟಿ ಅಂಟಿಸಿ.

ಹೊಟ್ಟೆಯ ಬಟ್ಟೆ ಮೊದಲು. ಕಿವಿಯ ಮೇಲೆ ಬಟ್ಟೆ ಹಾಸಿ, ಕ್ಲಿಪ್ ಹಾಕಿ, ಹೆಬ್ಬೆರಳಿನಿಂದ ಒತ್ತಿ. ಕಿವಿಯ ಆಕಾರ ಉಬ್ಬಿ ಕಾಣುತ್ತದೆ. ಅದರ ಸುತ್ತ ಪೆನ್ಸಿಲ್ ಎಳೆಯಿರಿ. ಇಲ್ಲಿ ಯಾರಿಗಾದರೂ ಕತ್ತರಿ ಎತ್ತಿಕೊಳ್ಳುವ ಆಸೆ ಆಗುತ್ತದೆ. ಎತ್ತಬೇಡಿ.

ನಾನು ಎತ್ತಿದ್ದೆ. ಬ್ಲೌಸಿನ ದುಂಡು ಕುತ್ತಿಗೆ ತಿರುಗಿಸುವಾಗ ಅಂಚಿಗೆ ಅಲ್ಲಲ್ಲಿ ಚಿಕ್ಕ ಕಚ್ಚು ಹಾಕುತ್ತೇವಲ್ಲ, ಸುಕ್ಕು ಬರದ ಹಾಗೆ? ಹಾಗೇ ಕಿವಿಯ ಸುತ್ತ ಕತ್ತರಿಯ ತುದಿಯಿಂದ ಎಂಟು ಕಚ್ಚು ಹಾಕಿದೆ. ಬಟ್ಟೆ ಹೂವಿನ ಹಾಗೆ ಅರಳಿ ಚಂದ ಕೂತಿತು. ಅಂಟಿಸಿದೆ. ಮರುದಿನ ಇಸ್ತ್ರಿ ಹಿಡಿದು ಬಿಗಿ ಮಾಡುತ್ತಾ ಬಂದೆ. 'ಪರ್' ಅಂತ ಒಂದು ಸದ್ದು. ಮುಂದಿನ ಕಚ್ಚು ಎರಡು ಇಂಚು ಸೀಳಿತ್ತು. ನೋಡನೋಡುತ್ತಾ ಪಕ್ಕದ್ದೂ ಬಾಯಿ ಬಿಟ್ಟಿತು. ಕಾಕಾ ಕನ್ನಡಕ ಹಣೆಗೇರಿಸಿ ನೋಡಿದರು. "ತಂಗಿ, ಇದು ಜಂಪರ ಅಲ್ಲವಾ. ಇಲ್ಲಿ ಅರಿವಿ ನಾಕೂ ಕಡೆ ಜಗ್ತೈತಿ. ನೀ ಹಾಕಿದ್ದು ಕಚ್ಚಲ್ಲ, ಹರಿಯಾಕ ದಾರಿ" ಅಂದರು. ತೇಪೆ ಹಾಕಿ ಉಳಿಸಬಹುದು ಅಂದೆ. "ಹೊಸ ಅರಿವಿಗೆ ತ್ಯಾಪಿ?" ಅಂದರು. ಹೊಟ್ಟೆಯ ಬಟ್ಟೆ ಪೂರ್ತಿ ತೆಗೆದೆ.

ಸರಿಯಾದ ಕ್ರಮ ಹೀಗೆ. ಚೂಪು ತುದಿಯ ಚಿಕ್ಕ ಸೋಲ್ಡರಿಂಗ್ ಕಡ್ಡಿ ಕಾಯಿಸಿಕೊಳ್ಳಿ. ಪಾಲಿಯೆಸ್ಟರ್ ಕರಗಿ ಕತ್ತರಿಸಿಕೊಳ್ಳುತ್ತದೆ, ಅಂಚಿನ ಎಳೆಗಳು ಒಂದಕ್ಕೊಂದು ಬೆಸೆದು ಬಿಚ್ಚುವುದಿಲ್ಲ. ಗಮ್ಮಿನ ಡಬ್ಬಿ ಆ ಹೊತ್ತಿನಲ್ಲಿ ಶೆಡ್ಡಿನ ಹೊರಗಿರಲಿ, ಅದರ ಆವಿಗೆ ಒಂದು ಕಿಡಿ ಸಾಕು. ಪೆನ್ಸಿಲ್ ಗೆರೆಯ ನಡುವೆ ಒಂದೇ ಒಂದು ಸೀಳು, ಕಿವಿಯ ಉದ್ದದ ಅರ್ಧದಷ್ಟು. ಸೀಳಿನ ಎರಡೂ ತುದಿಯಲ್ಲಿ ಕಡ್ಡಿಯನ್ನು ಒಂದು ಕ್ಷಣ ನಿಲ್ಲಿಸಿ ದುಂಡು ಚುಕ್ಕೆ ಮಾಡಿ. ಚೂಪು ತುದಿ ಹರಿಯುತ್ತದೆ, ದುಂಡು ತುದಿ ತಡೆಯುತ್ತದೆ. ಕಾಜಾದ ತುದಿಗೆ ಅಡ್ಡ ಹೊಲಿಗೆ ಹಾಕುತ್ತೇವಲ್ಲ, ಅದೇ ಲೆಕ್ಕ.

ಈಗ ಬಟ್ಟೆಯನ್ನು ಕಿವಿಯ ಮೇಲೆ ಎಳೆದು ಕೂರಿಸಿ, ಗುಂಡಿಯನ್ನು ಬಿಗಿಯಾದ ಕಾಜಾದಲ್ಲಿ ತೂರಿಸಿದ ಹಾಗೆ. ತೂರದಿದ್ದರೆ ಒಂದು ನೂಲು ಅಗಲ ಮಾಡಿ, ಮತ್ತೆ ನೋಡಿ. ಕಡಿಮೆ ಕತ್ತರಿಸಿದರೆ ನಾಳೆ ಕತ್ತರಿಸಬಹುದು. ಜಾಸ್ತಿ ಕತ್ತರಿಸಿದರೆ ಬಟ್ಟೆ ಬಿಗಿಯಾದಾಗ ತೂತು ಇನ್ನೂ ದೂರ ಸರಿಯುತ್ತದೆ, ಮುಚ್ಚಲು ಏನೂ ಉಳಿಯುವುದಿಲ್ಲ. ಕಿವಿಯ ಬುಡದಲ್ಲಿ ಕೊಳವೆಗೆ ಗಮ್ಮು ಸವರಿ, ಬಟ್ಟೆ ಕೂರಿಸಿ, ಮೇಲಿಂದ ಮತ್ತೆ ಗಮ್ಮು ಹಚ್ಚಿ ಬೆರಳಿನಿಂದ ಉಜ್ಜಿ. ಗಮ್ಮು ಎಳೆಗಳ ಸಂದಿನಿಂದ ಇಳಿಯಬೇಕು. ಬೆರಳು ಅಂದರೆ ಕೈಗವಸು ಹಾಕಿದ ಬೆರಳು. ಮುಖಕ್ಕೆ ದುಪಟ್ಟಾ ಕಟ್ಟಿಕೊಂಡರೆ ಸಾಲದು, ದ್ರಾವಕದ ಆವಿ ತಡೆಯುವ ಡಬ್ಬಿ ಇರುವ ಮಾಸ್ಕೇ ಬೇಕು. ಮೊದಲ ದಿನ ನಾನು ದುಪಟ್ಟಾದಲ್ಲೇ ಇದ್ದೆ, ರಾತ್ರಿಯಿಡೀ ತಲೆನೋವು.

ಆಮೇಲೆ ಪಕ್ಕದ ಬಟ್ಟೆ. ಅದು ಅಂಚಿನ ಕೊಳವೆಯನ್ನು ಸುತ್ತಿ ಕೆಳಗೆ ಬಂದು ಹೊಟ್ಟೆಯ ಬಟ್ಟೆಯ ಮೇಲೆ ಕನಿಷ್ಠ ಒಂದು ಇಂಚು ಕೂರಬೇಕು. ಕಿವಿಯ ಜಾಗದಲ್ಲಿ ಇದಕ್ಕೂ ಅದೇ ಥರದ ಸೀಳು. ಎರಡೂ ಸೀಳು ಒಂದರ ಮೇಲೊಂದು ಸರಿಯಾಗಿ ಬರಬೇಕಿಲ್ಲ, ಸ್ವಲ್ಪ ಆಚೆ ಈಚೆ ಇದ್ದರೇ ಒಳ್ಳೆಯದು.

ಕಾಲಿಗೆ ಚೀಲ

ಇದು ಸುಲಭ. ಹಳೆಯ ಮರಾಠಿ ಪೇಪರ್ ಅಂಟಿಸಿ 'ವಿ'ಯ ಆಕಾರದ ಕಟಿಂಗ್ ಮಾಡಿ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿಸಿದರೆ ಎಡಗಾಲು, ಬಲಗಾಲು ತಾವೇ ಬರುತ್ತವೆ, ತೋಳಿನ ಹಾಗೆ. ಹಾಸುನೂಲು ಮುಂದಿನ ಕೊಳವೆಯ ಉದ್ದಕ್ಕೆ ಇರಲಿ. ಸುತ್ತಲೂ ಎರಡು ಇಂಚು ಬಿಡಿ.

ಬಟ್ಟೆಯ ನಡುವನ್ನು ಮುಂದಿನ ಕೊಳವೆಯ ಮೇಲೆ ಸುತ್ತಿ ಎರಡೂ ಅಂಚನ್ನು ಹಿಂದಿನ ಕೊಳವೆಗೆ ತನ್ನಿ. ಗಾಳಿ ಬಡಿಯುವ ಮುಖದಲ್ಲಿ ಜೋಡಣೆ ಬರಬಾರದು, ಅದಕ್ಕೇ ಈ ಸುತ್ತು. ಹೊರಗಿನ ಅಂಚನ್ನು ಹಿಂದಿನ ಕೊಳವೆಗೆ ಸುತ್ತಿ ಅಂಟಿಸಿ, ಒಣಗಿದ ಮೇಲೆ ಒಳಗಿನ ಅಂಚನ್ನು ಅದರ ಮೇಲೆ ಒಂದು ಇಂಚು ಹಾಯಿಸಿ ಅಂಟಿಸಿ. ಮೇಲಿನ ಬಾಯಿಯ ಅಂಚನ್ನು ಒಳಕ್ಕೆ ಮಡಚಿ. ಬೋಲ್ಟಿನ ಜಾಗ ಬಿಟ್ಟು ಎರಡು ಬೆರಳು ಕೆಳಗೇ ನಿಲ್ಲಿಸಿ, ಸ್ಪ್ಯಾನರ್ ಹೋಗಬೇಕಲ್ಲ.

ಕೆಳಗಿನ ಚೂಪಿನಲ್ಲಿ ಗಮ್ಮು ಸಾಲಲಿಲ್ಲ. ಅಲ್ಲಿ ಎರಡು ಕೊಳವೆ ಕೂಡುತ್ತವೆ, ಚಕ್ರದ ಕಡ್ಡಿ ಹೊರಡುತ್ತದೆ, ಬಟ್ಟೆ ಎಲ್ಲ ಕಡೆಯಿಂದ ಸುಕ್ಕಾಗುತ್ತದೆ. ಅಲ್ಲಿ ನನ್ನ ಸೂಜಿಗೆ ಕೆಲಸ ಸಿಕ್ಕಿತು.

ಎರಡೂ ಅಂಚನ್ನು ಒಳಕ್ಕೆ ಅರ್ಧ ಇಂಚು ಮಡಚಿ, ಮುಖಾಮುಖಿ ತನ್ನಿ. ಸೂಜಿಯನ್ನು ಒಂದು ಅಂಚಿನ ಒಳಗಿನಿಂದ ಹೊರಗೆ ತೆಗೆಯಿರಿ. ನಡುವಿನ ಸಂದಿಗೆ ಇಳಿಸಿ ಎದುರಿನ ಅಂಚಿನ ಒಳಗಿನಿಂದ ಹೊರಗೆ. ಮತ್ತೆ ಸಂದಿಗೆ, ಮತ್ತೆ ಈಚೆ. ದಾರ ಎಳೆದರೆ ಎರಡೂ ಅಂಚು ತುಟಿ ಮುಚ್ಚಿದ ಹಾಗೆ ಕೂಡುತ್ತವೆ, ಮೇಲೆ ಮೀನಿನ ಮುಳ್ಳಿನಂಥ ಗೆರೆ ಮಾತ್ರ ಕಾಣುತ್ತದೆ. ಕ್ರಿಕೆಟ್ ಚೆಂಡಿನದ್ದಲ್ಲ, ಬೇಸ್‌ಬಾಲ್ ಚೆಂಡಿನ ಹೊಲಿಗೆ ಅಂತ ಕಾಕಾ ಹೆಸರು ಹೇಳಿದರು. ನನಗೆ ನಮ್ಮವ್ವ ಕೌದಿಯ ಬಾಯಿ ಮುಚ್ಚುತ್ತಿದ್ದದ್ದು ನೆನಪಾಯಿತು. ಇಂಚಿಗೆ ನಾಲ್ಕಕ್ಕಿಂತ ಕಡಿಮೆ ಹೊಲಿಗೆ ಇರಬಾರದು. ಹತ್ತು ಹೊಲಿಗೆಗೊಮ್ಮೆ ಜೋಡಿ ಗಂಟು ಹಾಕಿ ದಾರವನ್ನು ಬಂಧಿಸಬೇಕು, ಕೊನೆಯಲ್ಲೂ ಹಾಗೇ. ಒಂದು ಕಡೆ ದಾರ ಕಡಿದರೂ ಹತ್ತೇ ಹೊಲಿಗೆ ಬಿಚ್ಚಲಿ, ಇಡೀ ಸಾಲು ಹೋಗದಿರಲಿ ಅಂತ. ಜೋರಾಗಿ ಎಳೆಯಬೇಡಿ. ಬಟ್ಟೆ ಇನ್ನೂ ಬಿಗಿಯುವುದಿದೆ, ನೀವು ಬಿಗಿದಿಟ್ಟರೆ ಹೊಲಿಗೆಯ ತೂತುಗಳು ಕಣ್ಣು ಬಿಡುತ್ತವೆ. ಹೊಲಿಗೆ ತುದಿಯವರೆಗೂ ಹೋಗದಿರಲಿ, ಚೂಪಿನಲ್ಲಿ ಬೆರಳು ತೂರುವಷ್ಟು ಬಾಯಿ ಬಿಡಿ. ಅದೇ ನೀರಿನ ದಾರಿ.

ಇಸ್ತ್ರಿ

ಗಮ್ಮು ಒಂದು ರಾತ್ರಿ ಒಣಗಲಿ. ಇಸ್ತ್ರಿ ಪೆಟ್ಟಿಗೆ ಮೇಲಿನ 'ಕಾಟನ್', 'ಸಿಲ್ಕ್' ಗುರುತು ನಂಬಬೇಡಿ. ತಳಕ್ಕೆ ಒತ್ತಿ ಹಿಡಿಯುವ ಥರ್ಮಾಮೀಟರಿನಿಂದ ಅಳೆದು ಡಯಲ್ಲಿನ ಮೇಲೆ ನೀವೇ ಗೆರೆ ಹಾಕಿಕೊಳ್ಳಿ. ದೂರದಿಂದ ಗುರಿಯಿಟ್ಟು ಅಳೆಯುವ ಲೇಸರ್ ಥರ್ಮಾಮೀಟರ್ ಹೊಳೆಯುವ ತಳದ ಮೇಲೆ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಬಿಸಿ ಏರಿಸಿದರೆ ಬಟ್ಟೆ ಹಾಳು.

ಮೂರು ಸುತ್ತು. ಮೊದಲು 120 ಡಿಗ್ರಿ ಸೆಲ್ಸಿಯಸ್, ಸುಕ್ಕು ಹೋಗುವಷ್ಟು. ಆಮೇಲೆ 150. ಕೊನೆಗೆ 175. ಅದರಾಚೆ ಹೋದರೆ ಬಿಗಿಯುವ ಬದಲು ಸಡಿಲವಾಗುತ್ತದೆ, ಇನ್ನೂ ಹೋದರೆ ಕರಗುತ್ತದೆ. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಒಂದು ಬಿಸಿಯಲ್ಲಿ ಇಡೀ ಬಟ್ಟೆ, ಮುಂದಿನ ಬಿಸಿಯಲ್ಲಿ ಮತ್ತೆ ಇಡೀ ಬಟ್ಟೆ. ಕಾಲಿನ ಒಂದು ಮುಖ ಮಾಡಿ ತಕ್ಷಣ ಇನ್ನೊಂದು ಮುಖ, ಇಲ್ಲದಿದ್ದರೆ ಜೋಡಣೆಯ ಗೆರೆ ಒಂದು ಕಡೆ ಸರಿಯುತ್ತದೆ. ಅಂಟಿಸಿದ ಅಂಚುಗಳ ಮೇಲೆ ಮಾತ್ರ ಚಿಕ್ಕ ಇಸ್ತ್ರಿಯಿಂದ 110ರ ಆಸುಪಾಸು, ಸುಮ್ನೆ ಸವರಿದ ಹಾಗೆ. ಗಮ್ಮು ಬಿಸಿಗೆ ಮೆತ್ತಗಾಗಿ ಬಟ್ಟೆ ಜಾರುತ್ತದೆ. ಕೂದಲು ಒಣಗಿಸುವ ಯಂತ್ರದಂಥ ಹೀಟ್ ಗನ್ ಬೇಡ, ಬಿಸಿ ಎಷ್ಟು ಅಂತ ಗೊತ್ತೇ ಆಗುವುದಿಲ್ಲ.

ಮುಗಿದ ಮೇಲೆ ಬೆರಳಿನಿಂದ ಬಡಿದು ನೋಡಿ. ಕಾಯಿಸಿದ ಹಲಗಿಯ ಸದ್ದು ಬರಬೇಕು. ಶೆಡ್ಡಿನ ಹುಡುಗರಿಗೆ ಇದೇ ಆಟ ಆಯಿತು, ಎರಡು ದಿನ ಬೈದೆ.

ತೂತಿಗೆ ಕಾಲರ್

ಮೊದಲ ಕೋಟು ಬ್ರಷ್ಷಿನಿಂದ. ಪಾಲಿ-ಬ್ರಷ್ ಅನ್ನುವ ತೆಳು ಗುಲಾಬಿ ದ್ರವ, ಎಳೆಗಳನ್ನು ಸುತ್ತಿ ಹಿಡಿಯುತ್ತದೆ. ಬ್ರಷ್ಷಿನಿಂದ ತೊಟ್ಟಿಕ್ಕಬಾರದು. ಕಾಲಿನ ಚೀಲದ ಒಳಗೆ ಹನಿ ಬಿದ್ದರೆ ಆಚೆ ಬದಿಯ ಬಟ್ಟೆಗೆ ಅಂಟಿ ಗಂಟು ಕಟ್ಟುತ್ತದೆ, ಒಳಗೆ ಕೈ ಹೋಗುವುದಿಲ್ಲ.

ಅದು ಒಣಗಿದ ಮೇಲೆ ಕಿವಿಗಳ ಸುತ್ತ ಕಾಲರ್. ಅದೇ ಬಟ್ಟೆಯ ತುಂಡನ್ನು ಅಂಚು ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿಯಿಂದ ಮೊಟ್ಟೆಯಾಕಾರಕ್ಕೆ ಕತ್ತರಿಸಿ. ಮೂಲೆ ಇರಬಾರದು. ನಡುವೆ ಕಿವಿಗೆ ಬೇಕಾದಷ್ಟೇ ತೂತು, ಸುತ್ತಲೂ ಕೆಳಗಿನ ಸೀಳಿಗಿಂತ ಒಂದು ಇಂಚಾದರೂ ಆಚೆ ಹೋಗಬೇಕು. ಸಿಕ್ಕಿಸಲು ಒಂದು ಕಡೆ ಸೀಳಬೇಕಾಗುತ್ತದೆ. ಆ ಸೀಳು ಬಾಲದ ಕಡೆ ಇರಲಿ. ಮುಂದಿದ್ದರೆ ಗಾಳಿ ಎಬ್ಬಿಸುತ್ತದೆ. ಪಟ್ಟಿಗಳನ್ನು ಹಾಕುವಾಗಲೂ ಹಂಚಿನ ಮನೆಯ ಲೆಕ್ಕ, ಮುಂದಿನದು ಹಿಂದಿನದರ ಮೇಲೆ. ಪಾಲಿ-ಬ್ರಷ್ ಹಚ್ಚಿ, ಹಸಿ ಇರುವಾಗಲೇ ಕಾಲರ್ ಕೂರಿಸಿ, ಮೇಲೆ ಇನ್ನೊಮ್ಮೆ ಬ್ರಷ್ ಎಳೆದು, ಗುಳ್ಳೆ ಹೊರಗೆ ಒತ್ತಿ. ಕಾಲಿನ ಮುಂದಿನ ಕೊಳವೆಗೂ, ಜೋಡಣೆಗೂ ಎರಡು ಇಂಚಿನ ಪಟ್ಟಿ. ಕೆಳಗಿನ ಬಾಗಿನಲ್ಲಿ ಓರೆಯಾಗಿ ಕತ್ತರಿಸಿದ ಪಟ್ಟಿ ಬಳಸಿ, ನಾವು ಕ್ರಾಸ್ ಅನ್ನುತ್ತೇವಲ್ಲ ಅದು. ನೇರ ಪಟ್ಟಿ ಬಾಗಿನಲ್ಲಿ ಕೂರುವುದಿಲ್ಲ. ಇದನ್ನು ಮಾತ್ರ ಕಾಕಾ ನನಗೆ ಹೇಳಿಕೊಡಬೇಕಾಗಲಿಲ್ಲ.

ನೀರು ಹೋಗುವ ತೂತಿಗೆ ಅಂಟಿಸುವ ಚಿಕ್ಕ ಬಳೆ, ಅಂದರೆ ಗ್ರಾಮೆಟ್, ಎಲ್ಲಿ? ಸ್ಟ್ಯಾಂಡಿನ ಮೇಲೆ ಮೈ ಮಟ್ಟಸವಾಗಿರುತ್ತದೆ, ಅದನ್ನು ನೋಡಿ ತೀರ್ಮಾನಿಸಿದರೆ ತಪ್ಪು. ಈ ವಿಮಾನ ನೆಲದ ಮೇಲೆ ಮೂತಿ ಮೇಲೆ, ಬಾಲ ಕೆಳಗೆ ಮಾಡಿ ನಿಲ್ಲುತ್ತದೆ. ನೀರು ಹಿಂದಕ್ಕೆ ಹರಿದು ಅಡ್ಡ ಕೊಳವೆಗೆ ತಡೆದು ನಿಲ್ಲುತ್ತದೆ. ಹಾಗಾಗಿ ಅಡ್ಡ ಕೊಳವೆಯ ಮುಂದುಗಡೆ, ಅದಕ್ಕೆ ಒತ್ತಿಕೊಂಡ ಹಾಗೆ ಗ್ರಾಮೆಟ್ ಬರಬೇಕು. ಚಕ್ರ ನೀರೆರಚುವ ಜಾಗವಾದ್ದರಿಂದ ಟೋಪಿ ಇರುವ ಗ್ರಾಮೆಟ್ ಹಾಕಿ, ಟೋಪಿಯ ಬಾಯಿ ಹಿಂದಕ್ಕೆ. ನಡುವಿನ ತೂತನ್ನು ಬಣ್ಣ ಎಲ್ಲ ಮುಗಿದ ಮೇಲೆ ಕಾದ ಕಡ್ಡಿಯಿಂದ ತೆಗೆಯಿರಿ. ಮರೆಯಬೇಡಿ, ಮರೆಯುವವರೇ ಜಾಸ್ತಿ.

ಬಣ್ಣ, ಮಳೆ

ಬೆಳ್ಳಿ ಬಣ್ಣದ ಪಾಲಿ-ಸ್ಪ್ರೇ ಮೂರು ಕೋಟು. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ, ಬಿಸಿಲು ಪಾಲಿಯೆಸ್ಟರನ್ನು ತಿನ್ನದಂತೆ ತಡೆಯುತ್ತದೆ. ಕೆಳಗಿನ ಬಾಯಿಯಿಂದ ಚಿಕ್ಕ ಟಾರ್ಚ್ ತೂರಿಸಿ, ಶೆಡ್ಡು ಕತ್ತಲು ಮಾಡಿ ನೋಡಿ. ಬೆಳಕು ಕಂಡರೆ ಇನ್ನೊಂದು ಕೋಟು. ಮೇಲೆ ಕಬ್‌ನ ಹಳದಿ.

ಪುಣೆಯ ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ. ನಾವು ಜುಲೈಯಲ್ಲಿ ಒಂದು ಕೋಟು ಹೊಡೆದೆವು, ಯಜಮಾನರಿಗೆ ಅವಸರ. ಅರ್ಧ ಗಂಟೆಯಲ್ಲಿ ಇಡೀ ಕಾಲಿನ ಮೇಲೆ ಮಜ್ಜಿಗೆ ಸವರಿದಂತೆ ಬಿಳಿ. ದ್ರಾವಕ ಆರುವಾಗ ಬಟ್ಟೆಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ತಣ್ಣೀರಿನ ತಂಬಿಗೆ ಬೆವರಿದ ಹಾಗೆ. ತಡವಾಗಿ ಆರುವ ರಿಟಾರ್ಡರ್ ಬೆರೆಸಿ ಮತ್ತೆ ಹೊಡೆದು ಸರಿ ಮಾಡಿದೆವು, ಒಂದು ವಾರ ಹೋಯಿತು. ನನ್ನ ಲೆಕ್ಕ ಸರಳ: ಮಾಳಿಗೆ ಮೇಲೆ ಸಂಡಿಗೆ ಒಣಗದ ದಿನ ಬಣ್ಣವೂ ಬೇಡ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಕಾಲು ಕೂಡಿಸಿದ ಮೇಲೆ

ಕಾಲು ಸಿಕ್ಕಿಸಿ, ಬಂಜಿ ಹಾಕಿ, ವಿಮಾನವನ್ನು ನೆಲಕ್ಕಿಳಿಸಿ. ನಾಲ್ಕು ಮಂದಿ ಸೇರಿ ರೆಕ್ಕೆಯ ಬುಡದ ಕಂಬಿ ಹಿಡಿದು ಕುಲುಕಿ. ಕಾಲು ಆಡುವಾಗ ಚೀಲದ ಬಾಯಿ ಹೊಟ್ಟೆಯ ಬಟ್ಟೆಗೆ ತಾಗಬಾರದು. ನಮ್ಮದರಲ್ಲಿ ಬಲ ಹಿಂದೆ ಒಂದು ಕಾಗದದ ದಪ್ಪ ತಾಗುತ್ತಿತ್ತು, ಬಾಯಿಯ ಅಂಚನ್ನು ಇನ್ನೊಂದು ಮಡಿಕೆ ಒಳಗೆ ತೆಗೆದುಕೊಂಡೆ.

ಬಂಜಿಗೆ ಚರ್ಮದ ಹೊದಿಕೆ ಬರುತ್ತದೆ. ಅದು ರಬ್ಬರನ್ನು ಬಿಸಿಲು, ಎಣ್ಣೆಯಿಂದ ಕಾಯುತ್ತದೆ. ಅದನ್ನು ನಾನು ನನ್ನ ಮಷಿನ್ನಿನಲ್ಲೇ ಹೊಲಿದೆ, ಹಿಂದುಗಡೆ ಲಾಡಿ ಕಟ್ಟುವ ಹಾಗೆ, ಎಂಜಿನಿಯರ್ ಬಿಚ್ಚಿ ನೋಡಲು ಆಗುವ ಹಾಗೆ. ಬಿಗಿಯಾಗಿ ಕಟ್ಟಬೇಡಿ, ರಬ್ಬರ್ ಹಿಗ್ಗಲು ಜಾಗ ಬೇಕು.

ಮೊದಲ ಐದಾರು ಇಳಿತಗಳಾದ ಮೇಲೆ ಕೆಳಗೆ ಮಲಗಿ ಟಾರ್ಚ್ ಹಿಡಿದು ಕಾಲರ್‌ಗಳ ಸುತ್ತ ನೋಡಿ. ಬಣ್ಣದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದರ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಮುಂದಿನ ಸಲ ಬಿರುಕು ಗೆರೆ ದಾಟಿದ್ದರೆ ಕೆಳಗಿನ ಸೀಳು ಹರಿಯುತ್ತಿದೆ ಅಂತ ಅರ್ಥ, ಕಾಲರ್ ಬಿಚ್ಚಬೇಕು. ನಮ್ಮ ಎಡಗಾಲಿನ ಮುಂದಿನ ಕಿವಿಯ ಹತ್ತಿರ ಅಂಥ ಒಂದು ಗೆರೆ ಇದೆ. ಎರಡು ಚಳಿಗಾಲ ಕಳೆಯಿತು, ಬಿರುಕು ಇನ್ನೂ ಪೆನ್ಸಿಲ್ಲಿನ ಈಚೆಗೇ ಇದೆ.